ಪೋಸ್ಟಣ್ಣನ ಜಾಗದಲ್ಲಿ ನಿಂತವಳು

ಸಂಜೆ ಕ್ಲಾಸಿಗೆ ಬಂದ ಟೈಲರಮ್ಮನ ಕಣ್ಣು ಮೊದಲು ಹೋಗಿದ್ದು ಬೋರ್ಡಿನ ಕಡೆಗಲ್ಲ, ಕಿಟಕಿ ಪಕ್ಕದ ಬೆಂಚಿನ ಕಡೆಗೆ. ಬೇಕರಿಯವನು ಇವತ್ತೂ ನರ್ಸಮ್ಮನ ಜೊತೆಗೇ ಕೂತಿದ್ದ. ಇಬ್ಬರ ತಲೆಯೂ ಒಂದೇ ಪುಸ್ತಕದ ಮೇಲೆ. ಆಕೆ ಏನೋ ಪಿಸುಗುಟ್ಟಿದಳು, ಅವನು ನಕ್ಕ. ನಕ್ಕಾಗ ಅವನ ಎಡಗೆನ್ನೆಯಲ್ಲಿ ಬೀಳುವ ಗುಳಿಯನ್ನು ಟೈಲರಮ್ಮ ಮೊನ್ನೆಮೊನ್ನೆಯವರೆಗೂ ತನ್ನ ಸ್ವಂತ ಆಸ್ತಿ ಅಂದುಕೊಂಡಿದ್ದಳು.

ಹತ್ತನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟ ದೊಡ್ಡವರಿಗಾಗಿ ನಡೆಯುತ್ತಿದ್ದ ತರಗತಿ ಅದು. ಪಾಸಾದರೆ ಅವಳಿಗೆ ಹೊಲಿಗೆ ಶಾಲೆಯಲ್ಲಿ ಟೀಚರ್ ಕೆಲಸ. ಅದಕ್ಕೇ ಒಂದು ದಿನ, ಪಕ್ಕದಲ್ಲಿ ಕೂತು ಬರೀ ತಮಾಷೆ ಮಾಡುತ್ತಿದ್ದ ಬೇಕರಿಯವನ ಮೇಲೆ ರೇಗಿದ್ದಳು. "ನಿಮ್ಮ ಮಾತಿನಿಂದ ನನ್ನ ಓದು ಹಾಳಾಗ್ತಿದೆ. ಸ್ವಲ್ಪ ದೂರ ಕೂತ್ಕೊಳ್ಳಿ."

ದೂರ ಅಂದರೆ ಒಂದು ಗೇಣು ಅಂತ ಅವಳ ಲೆಕ್ಕ. ಆ ಪುಣ್ಯಾತ್ಮ ಎದ್ದು ಹೋಗಿ ನರ್ಸಮ್ಮನ ಪಕ್ಕ ಕೂತುಬಿಟ್ಟ.

"ಬೇಕರಿಯವರು ಈಗ ಮನೆ ತನಕ ಬರಲ್ವಾ?" ಅಂತ ಅತ್ತಿಗೆ ಕೇಳಿದ್ದಕ್ಕೆ, "ಯಾಕೆ, ನನಗೆ ದಾರಿ ಗೊತ್ತಿಲ್ವಾ?" ಅಂತ ಸಿಡುಕಿದ್ದಳು.

ಇವತ್ತು ವಿಜ್ಞಾನದ ಮೇಡಂ ಬೆಂಚುಗಳನ್ನೆಲ್ಲ ಗೋಡೆಗೆ ಸರಿಸಿ, ನೆಲದ ಮೇಲೆ ಚಾಕ್‌ಪೀಸಿನಲ್ಲಿ ಧಾತುಗಳ ಆವರ್ತಕ ಕೋಷ್ಟಕದ ಚೌಕಗಳನ್ನು ಬರೆದರು. ಎಲ್ಲರಿಗೂ ಒಂದೊಂದು ಕಾರ್ಡು ಕೊಟ್ಟರು. ಅದರಲ್ಲಿ ಧಾತುವಿನ ಹೆಸರಿಲ್ಲ. ಒಂದರ ಸುತ್ತ ಒಂದು ವೃತ್ತ, ವೃತ್ತಗಳ ಮೇಲೆ ಎಲೆಕ್ಟ್ರಾನಿನ ಚುಕ್ಕಿಗಳು.

"ಎಷ್ಟು ವೃತ್ತ ಇದೆಯೋ ಅಷ್ಟನೇ ಅಡ್ಡಸಾಲು. ಹೊರಗಿನ ವೃತ್ತದಲ್ಲಿ ಎಷ್ಟು ಚುಕ್ಕಿ ಇದೆಯೋ ಅಷ್ಟನೇ ಉದ್ದಸಾಲು. ಹುಡುಕ್ಕೊಂಡು ಹೋಗಿ ನಿಂತ್ಕೊಳ್ಳಿ!"

ಟೈಲರಮ್ಮನ ಕಾರ್ಡಿನಲ್ಲಿ ಮೂರು ವೃತ್ತ, ಹೊರಗೆ ಒಂಟಿ ಚುಕ್ಕಿ. ಅಂದರೆ ಮೂರನೇ ಅಡ್ಡಸಾಲಿನ ಎಡತುದಿ. ಅವಳಿಗದು ತಕ್ಷಣ ಹೊಳೆಯಿತು. ಆದರೆ ಅದೇ ಸಾಲಿನ ಬಲಗಡೆ, ಏಳನೇ ಚೌಕದಲ್ಲಿ ಬೇಕರಿಯವನು. ಅವನ ನೇರ ಮುಂದೆ, ಎರಡನೇ ಸಾಲಿನಲ್ಲಿ ನರ್ಸಮ್ಮ.

"ನೋಡಿ, ಇವರು ಫ್ಲೋರಿನ್, ಅವರು ಕ್ಲೋರಿನ್," ಅಂದರು ಮೇಡಂ, ಮೊದಲು ನರ್ಸಮ್ಮನನ್ನು, ಆಮೇಲೆ ಬೇಕರಿಯವನನ್ನು ತೋರಿಸಿ. "ಇಬ್ಬರದೂ ಹೊರಗೆ ಏಳೇ ಚುಕ್ಕಿ. ಒಂದೇ ಕುಟುಂಬ, ಸ್ವಭಾವವೂ ಒಂದೇ."

ನರ್ಸಮ್ಮ ತಿರುಗಿ ಅವನನ್ನು ನೋಡಿದಳು. ಆ ನೋಟ ಬರೀ ವಿಜ್ಞಾನದ್ದಲ್ಲ ಅಂತ ಟೈಲರಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಏನು ಮಾಡುತ್ತಿದ್ದೇನೆ ಅಂತ ತನಗೇ ತಿಳಿಯುವಷ್ಟರಲ್ಲಿ ಆರನೇ ಚೌಕಕ್ಕೆ ಹೋಗಿ, ಬೇಕರಿಯವನ ಭುಜಕ್ಕೆ ಭುಜ ತಾಗುವ ಹಾಗೆ ನಿಂತುಬಿಟ್ಟಿದ್ದಳು.

ಅದೇ ಕ್ಲಾಸಿನಲ್ಲಿ ಓದುತ್ತಿದ್ದ, ರಿಟೈರ್ ಆಗುವ ವಯಸ್ಸಿನ ಪೋಸ್ಟಣ್ಣ ಕಾರ್ಡು ಹಿಡಿದು ಬಂದ. "ತಂಗಿ, ಇದು ನನ್ನ ಜಾಗ ಅನ್ಸುತ್ತೆ."

"ಬೇರೆ ಕಡೆ ನೋಡಿ, ಅಣ್ಣಾ."

ಮೇಡಂ ಕನ್ನಡಕ ಸರಿಮಾಡಿಕೊಂಡರು. "ಹೊರಗಡೆ ಎಷ್ಟು ಚುಕ್ಕಿಯಮ್ಮಾ ನಿಮ್ಮದು?"

"ಒಂದು."

"ಮತ್ತೆ ಆರರಲ್ಲಿ ಏನ್ಮಾಡ್ತಿದ್ದೀರಿ?"

ಕ್ಲಾಸಿಗೆ ಕ್ಲಾಸೇ ಗೊಳ್ಳೆಂದಿತು. ಕಾರ್ಡನ್ನು ಪೋಸ್ಟಣ್ಣನ ಕೈಗೆ ತುರುಕಿ ಅವಳು ಹೊರಗೆ ನಡೆದಳು.

ಮೆಟ್ಟಿಲಿಳಿಯುವಾಗ ಹಿಂದೆ ಚಪ್ಪಲಿ ಸದ್ದು. ಬೇಕರಿಯವನೇ.

"ನಿಮಗೆ ಗೊತ್ತಿತ್ತು," ಅಂದ. "ನಿಮ್ಮ ಜಾಗ ಯಾವುದು ಅಂತ."

"ಗೊತ್ತಿತ್ತು. ನಾಳೆಯಿಂದ ಬೆಳಗಿನ ಬ್ಯಾಚಿಗೆ ಹೋಗ್ತೀನಿ. ನೀವು ಆಯಮ್ಮನ ಹತ್ತಿರ ಆರಾಮಾಗಿ ಕಲೀರಿ."

"ಅವರು ಭಾನುವಾರ ಸಿನಿಮಾಗೆ ಕರೆದಿದ್ರು."

ಅವಳು ಗಕ್ಕನೆ ಅವನ ಕಡೆ ತಿರುಗಿದಳು. "ಹೋದ್ರಾ?"

"ಇಲ್ಲ. ಮನಸ್ಸು ಬೇರೆ ಕಡೆ ಇದೆ ಅಂದೆ. ಆ ಕಡೆಯವರು ದೂರ ಕೂತ್ಕೋ ಅಂದಿದ್ದಾರೆ ಅಂತಲೂ ಹೇಳ್ದೆ. ಪಾಪ, ಸುಮ್ಮನಾದ್ರು. ಆದ್ರೂ ಪಾಠ ಹೇಳಿಕೊಡೋದು ಬಿಡಲಿಲ್ಲ."

ಆ 'ಪಾಪ' ಅನ್ನುವುದೂ ಟೈಲರಮ್ಮನಿಗೆ ಚುಚ್ಚಿತು. ಜೊತೆಗೇ ನಾಚಿಕೆಯೂ ಆಯಿತು. ಕಣ್ಣೊರೆಸಿಕೊಂಡು ಅಂದಳು, "ನನಗೆ ಹೊಟ್ಟೆಕಿಚ್ಚು. ಅವರು ಒಳ್ಳೆಯವರು ಅಂತ ಗೊತ್ತಾದ ಮೇಲೂ ಹೊಟ್ಟೆಕಿಚ್ಚು. ಏನ್ಮಾಡ್ಲಿ?"

"ಯಾಕೆ ಅಂತ ಬಾಯಿಬಿಟ್ಟು ಹೇಳಿ."

ಅವಳು ಮೆಟ್ಟಿಲ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಇಷ್ಟು ದಿನದ 'ನೀವು', 'ತಾವು' ಎಲ್ಲ ಎಲ್ಲಿ ಹೋಯಿತೋ.

"ನೀನು ನನಗೆ ಬೇಕು ಕಣೋ," ಅಂದಳು.