ಎಣ್ಣೆ ಹಾಕಿ ಕದ್ದ ಮೆಷಿನ್

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ದರ್ಜಿ ಅಣ್ಣತಮ್ಮಂದಿರು ಠಾಣೆಯ ಮೆಟ್ಟಿಲು ಹತ್ತಿದರು. ಅಣ್ಣನ ಗಂಟಲು ಎಂಥದ್ದೆಂದರೆ, ಅವನು ಬಾಯಿ ತೆರೆದ ಕೂಡಲೇ ಲಾಕಪ್ಪಿನಲ್ಲಿ ಗೊರಕೆ ಹೊಡೆಯುತ್ತಿದ್ದ ಜೇಬುಗಳ್ಳ ಎದ್ದು ಕೂತು, ಮಾಡದ ಕಳ್ಳತನಗಳನ್ನೂ ಒಪ್ಪಿಕೊಂಡ. ತಮ್ಮ ಮಾತ್ರ ಸೂಜಿ ನುಂಗಿದವನಂತೆ ನಿಂತಿದ್ದ.

"ಸಾರ್, ನಮ್ಮಪ್ಪನ ಕಾಲದ ಹೊಲಿಗೆ ಮೆಷಿನ್ ಅಂಗಡಿಯಿಂದ ಮಾಯ. ಕದ್ದಿದ್ದು ಇವನ ಮಗನೇ!"

ಇನ್‌ಸ್ಪೆಕ್ಟರ್‌ಗೆ ಇಲಾಖೆಯಲ್ಲಿ ಭೂತಗನ್ನಡಿ ಎಂದೇ ಹೆಸರು. ಅವರು ದಿಟ್ಟಿಸಿ ನೋಡಿದರೆ ಗೋಡೆಯ ಹಲ್ಲಿಯೂ ಬಾಲ ಕಳಚಿಟ್ಟು ಹೇಳಿಕೆ ಕೊಡುತ್ತಿತ್ತು.

"ನೋಡಿದವರು ಯಾರು?"

"ನೋಡೋದೇನು ಸಾರ್? ಆ ಮಗ ಹೋದ ವರ್ಷ ಒಬ್ಬ ಹುಡುಗನ್ನ ಕರ್ಕೊಂಡು ಬಂದು, ಬಾಳಿದ್ರೆ ಇವನ ಜೊತೇನೇ ಅಂದ. ನನ್ನ ತಮ್ಮ ಮಗನ್ನ ಆಚೆ ಹಾಕಿದ. ನನ್ನ ಕೈಯಿಂದ ನಿನಗಿನ್ನು ಒಂದು ಎಳೆ ದಾರನೂ ಕೊಡಲ್ಲ ಅಂತ ಬೀದಿಗೆಲ್ಲ ಕೇಳೋ ಹಾಗೆ ಆಣೆ ಇಟ್ಟ. ಆ ಸೇಡು!"

"ಹೌದೇನ್ರಿ?" ಇನ್‌ಸ್ಪೆಕ್ಟರ್ ತಮ್ಮನನ್ನು ಕೇಳಿದರು.

"ಹಳೇ ಮೆಷಿನ್ನು ಸಾರ್. ಹೋಗ್ಲಿ ಬಿಡಿ, ಕೇಸ್ ಬೇಡ."

"ಬೇಡ ಅನ್ನೋಕೆ ಅದು ನಿನ್ನೊಬ್ಬಂದೇನೋ? ಅರ್ಧ ನಂದು!" ಎಂದು ಅಣ್ಣ ಗುಡುಗಿದ. ಎಫ್‌ಐಆರ್ ದಾಖಲಾಯಿತು.

ಅಂಗಡಿಯಲ್ಲಿ ಪಂಚನಾಮೆ ನಡೆಯಿತು. ಬೀಗ ಮುರಿದಿರಲಿಲ್ಲ. ಎರಡು ಹೊಸ ಕರೆಂಟ್ ಮೆಷಿನ್‌ಗಳು ಮಿರಮಿರ ಮಿಂಚುತ್ತ ಇದ್ದಲ್ಲೇ ಇದ್ದವು. ಹೋದದ್ದು, ಆನೆ ಎತ್ತಿದರೂ ಸೊಂಟ ಹಿಡಿದುಕೊಳ್ಳುವಂಥ ಹಳೆಯ ಕಬ್ಬಿಣ.

"ಕಳ್ಳನಿಗೆ ತಲೆ ಇಲ್ಲ ಸಾರ್," ಎಂದ ದಫೇದಾರ.

"ಒಂದೋ ತಲೆ ಇಲ್ಲ, ಇಲ್ಲವೇ ಅವನಿಗೆ ಬೇಕಾದದ್ದೇ ಆ ಹಳೇ ಮೆಷಿನ್," ಎಂದರು ಇನ್‌ಸ್ಪೆಕ್ಟರ್.

ಅಲ್ಲಿಂದ ನೇರವಾಗಿ ಹಿಂಬೀದಿಯ ಮಗನ ಮನೆಗೆ. ಒಂಟಿ ಕೋಣೆಯಲ್ಲಿ ಇಪ್ಪತ್ತನಾಲ್ಕರ ಮಗ, ಅವನ ಸಂಗಾತಿಯಾದ ಆಸ್ಪತ್ರೆಯ ನರ್ಸ್ ಹುಡುಗ, ಇಬ್ಬರ ನಡುವೆ ಮದುಮಗಳಂತೆ ಮೆಷಿನ್.

"ಎಲ್ಲಿಂದ ಬಂತು?"

"ಬೆಳಿಗ್ಗೆ ಬಾಗಿಲು ತೆಗೆದಾಗ ಹೊಸ್ತಿಲಲ್ಲಿತ್ತು ಸಾರ್."

"ಅದೇ ನಡ್ಕೊಂಡು ಬಂತಾ?" ದಫೇದಾರ ಗದರಿದ.

ಭೂತಗನ್ನಡಿ ಮಂಡಿಯೂರಿ ನೋಡಿದರು. ಹೊಸ ಎಣ್ಣೆ, ಹೊಸ ಬೆಲ್ಟ್. ಸೂಜಿಯ ಕೆಳಗೆ ಬೂದು ಬಣ್ಣದ ಚಿಂದಿ, ಅದರ ಮೇಲೆ ಒಂದೇ ಗೆರೆ ಹೊಲಿಗೆ. ಮೆಷಿನ್ ಸರಿಮಾಡಿದ ದರ್ಜಿ ಚಿಂದಿಯ ಮೇಲೆ ಒಂದು ಗೆರೆ ಓಡಿಸಿ ನೋಡದೆ ಅದನ್ನು ಯಾರಿಗೂ ಒಪ್ಪಿಸುವುದಿಲ್ಲ. ಆದರೆ ಕದ್ದ ಮಾಲಿಗೆ ಎಣ್ಣೆ ಬಿಟ್ಟು, ಹೊಲಿದು ಪರೀಕ್ಷಿಸಿ, ಮನೆಬಾಗಿಲಿಗೆ ಮುಟ್ಟಿಸುವ ಕಳ್ಳ ಭೂಮಿಯ ಮೇಲೆ ಹುಟ್ಟಿದ್ದು ಅದೇ ಮೊದಲು!

ಚಿಂದಿ ಕಂಡದ್ದೇ ಮಗನ ಮುಖದ ಬಣ್ಣ ಬದಲಾಯಿತು. "ನಾನೇ ಕದ್ದಿದ್ದು ಸಾರ್."

"ಸುಳ್ಳು! ಹೊತ್ತು ತಂದಿದ್ದು ನಾನು," ಎಂದು ನರ್ಸ್ ಅಡ್ಡಬಂದ.

"ಸುಮ್ನಿರೋ, ನಿನ್ನ ಕೈಲಿ ಗ್ಯಾಸ್ ಸಿಲಿಂಡರೇ ಎತ್ತೋಕಾಗಲ್ಲ."

ಒಂದೇ ಕಳವಿಗೆ ಇಬ್ಬರು ಕಳ್ಳರು ಜಗಳವಾಡುತ್ತಿದ್ದರು. ಇನ್‌ಸ್ಪೆಕ್ಟರ್ ಇಬ್ಬರನ್ನೂ ಠಾಣೆಗೆ ಕರೆತಂದು, ಚಿಂದಿಯನ್ನು ಅಣ್ಣನ ಜೊತೆ ಕಾಯುತ್ತಿದ್ದ ಅಪ್ಪನ ಮುಂದಿಟ್ಟರು.

"ನಿಮ್ಮ ಮಗ ಒಪ್ಪಿಕೊಂಡ. ಈ ಹೊಲಿಗೆ ಅವನದೇ ತಾನೇ? ಹೌದು ಅನ್ನಿ, ಒಳಗೆ ಹಾಕ್ತೀನಿ."

ಅಪ್ಪ ಚಿಂದಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಅವನಿಗೆ ರೇಗಿತು.

"ಇದಾ? ಇದು ಅವನ ಹೊಲಿಗೆನಾ? ಸಾರ್, ಅವನು ಕಣ್ಣು ಮುಚ್ಚಿ ಹೊಲಿದ್ರೂ ಇದಕ್ಕಿಂತ ನೇರ ಬರುತ್ತೆ. ಇದು ಕೈ ನಡುಗೋನ ಹೊಲಿಗೆ. ನಂದು."

ಅಣ್ಣನ ಗಂಟಲು ಹುಟ್ಟಿದಂದಿನಿಂದ ಮೊದಲ ಬಾರಿಗೆ ಕಟ್ಟಿತು. "ನೀನಾ? ಅಷ್ಟು ಭಾರದ್ದನ್ನ ಹೇಗೋ?"

"ತಳ್ಳುಗಾಡೀಲಿ."

"ಕದಿಯೋದ್ಯಾಕೆ? ಕೊಡೋಕೇನಾಗಿತ್ತೋ ದಡ್ಡ?"

"ಆಣೆ ಇಟ್ಟಿದ್ದೆನಲ್ಲಣ್ಣ. ಕೊಟ್ರೆ ಮಾತು ಮುರಿದ ಹಾಗೆ. ಕಳುವಾದ್ರೆ ಯಾರು ಕೊಟ್ಟ ಹಾಗಾಯ್ತು?"

ಅಣ್ಣ ಕುರ್ಚಿಗೆ ಒರಗಿದ. "ನನ್ನ ಪಾಲಿನ ಅರ್ಧನೂ ಅಲ್ಲೇ ಬಿದ್ದಿರ್ಲಿ. ಅರ್ಧ ಮೆಷಿನ್ ತಂದು ನಾನೇನು ಉಪ್ಪಿನಕಾಯಿ ಹಾಕ್ಲಾ?"

ಆದರೆ ಬರೆದ ಎಫ್‌ಐಆರ್ ಬರೆದದ್ದೇ. ಮಧ್ಯಾಹ್ನ ಮೂರಕ್ಕೆ ಅಪ್ಪನ ಬಂಧನ ದಾಖಲಾಯಿತು. ಜಾಮೀನಿಗೆ ಇಬ್ಬರು ಬೇಕಿತ್ತು. ಮಗ ಸಹಿ ಹಾಕಿದ. ಹಿಂದೆಯೇ ನರ್ಸ್ ಪೆನ್ನು ಹಿಡಿದು ನಿಂತ.

"ಇವರು ನಿಮಗೇನಾಗಬೇಕು?" ದಫೇದಾರ ಅಪ್ಪನನ್ನು ಕೇಳಿದ.

ಅಪ್ಪ ಆ ಹುಡುಗನ ಭುಜ, ತೋಳು, ಎದೆಯನ್ನು ಅಂಗಿಗೆ ಅಳತೆ ತೆಗೆಯುವವನಂತೆ ನೋಡಿದ.

"ಅಳಿಯ. ಬರ್ಕೊಳ್ಳಿ."

"ಗಂಡು ಮಗನಿಗೆ ಅಳಿಯನೇನೋ?" ಅಣ್ಣನಿಗೆ ದನಿ ಮರಳಿತ್ತು.

"ನಿನಗೆ ನಾಲ್ಕು ಜನ ಅಳಿಯಂದಿರಿದ್ದಾರಲ್ಲ, ಒಬ್ಬನಾದ್ರೂ ನಿನಗೋಸ್ಕರ ಠಾಣೆ ಮೆಟ್ಟಿಲು ಹತ್ತಿದ್ದಾನಾ?"

ದಫೇದಾರ ನಗು ಅದುಮಿಕೊಂಡು ಅಳಿಯ ಎಂದೇ ಬರೆದ.

ಆರೋಪಿ ಕೊಟ್ಟ ಹೇಳಿಕೆಯ ಕೊನೆಯ ಭಾಗ ಹೀಗಿದೆ: "ಹೋದ ವಾರ ಪೇಟೆಯಲ್ಲಿ ಬರುತ್ತಿದ್ದೆ. ಕಾಲರ್ ಹೊಲಿಯುವುದರಲ್ಲಿ ನನ್ನನ್ನೇ ಮೀರಿಸಿದ ಮಗ, ಬೇರೆಯವರ ಅಂಗಡಿಯ ಮೆಟ್ಟಿಲ ಮೇಲೆ ಕೂತು ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ. ನಾನು ಕಾಣದವನಂತೆ ಮುಂದೆ ನಡೆದೆ. ಅಂದಿನಿಂದ ನನಗೆ ಊಟ ಸೇರಲಿಲ್ಲ."

ಓದಿ ಹೇಳಿದರು. ಸರಿಯಾಗಿದೆ ಎಂದು ಅಪ್ಪ ಸಹಿ ಹಾಕಿದ. ಸಂಜೆ ಬಿಡುಗಡೆಯಾದ ಮೇಲೆ ಅವನು ಅಣ್ಣನ ಜೊತೆ ಹೋಗಲಿಲ್ಲ. ಮಗನ ಹಿಂದೆ ಆ ಒಂಟಿ ಕೋಣೆಗೆ ನಡೆದ. ಅಳಿಯ ಆಗಲೇ ಅಕ್ಕಿ ತೊಳೆಯಲು ಮುಂದೆ ಓಡಿದ್ದ.