ಹಿಂದಿನ ಸೀಟಿನ ಕೆಳಗಿನ ಸದ್ದು

ಹಸಿರು ದೀಪ ಬಂದಿತ್ತು. ಕಾರು ಮಾತ್ರ ಕದಲಲಿಲ್ಲ. ತಾತ ಕೀಲಿ ತಿರುಗಿಸಿದರು, ಬಿಟ್ಟರು, ಮತ್ತೆ ತಿರುಗಿಸಿದರು. ಎಂಜಿನ್ ಗರಗರ ಎಂದು ಸುತ್ತಿತೇ ಹೊರತು ಹತ್ತಿಕೊಳ್ಳಲಿಲ್ಲ. ಹಿಂದಿದ್ದ ಬಸ್ಸು ಗಂಟಲು ಹರಿಯುವಂತೆ ಹಾರ್ನ್ ಹೊಡೆಯಿತು.

ಬಸ್ಸಿನ ಡ್ರೈವರ್ ಪಕ್ಕಕ್ಕೆ ಬಂದು ತಲೆ ಹೊರಗೆ ಹಾಕಿದ. "ತಳ್ಳಿಕೊಂಡು ಹೋಗೋದಾದ್ರೆ ಕಾರ್ ಯಾಕೆ ತಾತ? ಸೈಕಲ್ ಸಾಕಲ್ವಾ?"

ತಾತನ ಕಿವಿ ಕೆಂಪಾಯಿತು. ಹಿಂದಿನ ಸೀಟಿನಲ್ಲಿ ಶಾಲೆಯ ಚೀಲವನ್ನು ತಬ್ಬಿ ಕುಳಿತಿದ್ದ ಮೊಮ್ಮಗಳ ಕಿವಿಯೂ ಕೆಂಪಾಯಿತು. ಮನೆಯವರೆಲ್ಲ ಅವಳನ್ನು ಚೂಟಿ ಎಂದು ಕರೆಯುತ್ತಿದ್ದರು.

ತಾತನ ಪಕ್ಕದಲ್ಲಿದ್ದ ಅಪ್ಪ ಸಿಟ್ಟು ಮಾಡಲಿಲ್ಲ. ಮೆಲ್ಲಗೆ ಹೇಳಿದ್ದೇ ಚೂಟಿಗೆ ಹೆಚ್ಚು ಭಯ ತರಿಸಿತು. "ಅಪ್ಪಾ, ಭಾನುವಾರದೊಳಗೆ ಇದರ ರೋಗ ಗೊತ್ತಾಗದಿದ್ರೆ ಗುಜರಿಯವನನ್ನ ಕರೆಸ್ತೀನಿ. ಮಗು ಕೂತಿರುವಾಗ ನಡುರಸ್ತೇಲಿ ನಿಲ್ಲೋ ಗಾಡಿ ನಮಗೆ ಬೇಡ."

ಹದಿನೈದು ನಿಮಿಷದ ಮೇಲೆ ಕಾರು ಏನೂ ಅರಿಯದ ಹಸುಗೂಸಿನಂತೆ ತಾನಾಗಿಯೇ ಹೊರಟಿತು.

ಅದೇ ತೊಡಕು. ಚೂಟಿ ಹುಟ್ಟುವುದಕ್ಕೆ ಹದಿನೈದು ವರ್ಷ ಮೊದಲೇ ಮನೆಗೆ ಬಂದಿದ್ದ ಆ ಕಾರನ್ನು ತಾತ ಮೂರು ಸಲ ಗ್ಯಾರೇಜಿಗೆ ಒಯ್ದಿದ್ದರು. ಮೂರು ಸಲವೂ ಅದು ಜಾಣ ಮಗುವಿನಂತೆ ನಡೆದುಕೊಂಡಿತ್ತು. ಅಲ್ಲಿನ ಮೆಕ್ಯಾನಿಕ್ ಅಕ್ಕ ಊಹೆಯ ಮೇಲೆ ಒಂದು ಸ್ಕ್ರೂ ಕೂಡ ಬದಲಿಸುವವಳಲ್ಲ. ತನ್ನ ಕಣ್ಣೆದುರು ನಿಲ್ಲದ ಗಾಡಿಗೆ ಮದ್ದು ಮಾಡುವುದಿಲ್ಲ ಎಂದು ಕೈ ತೊಳೆದುಕೊಂಡಿದ್ದಳು.

ಶನಿವಾರ ಬೆಳಿಗ್ಗೆ ತಾತ ಮತ್ತೆ ಗ್ಯಾರೇಜಿಗೆ ಹೊರಡುವ ಸಿದ್ಧತೆಯಲ್ಲಿದ್ದರು. ಅದಕ್ಕೊಂದು ಕ್ರಮವಿತ್ತು. ಮೊದಲು ಕಾರಿಗೆ ಸ್ನಾನ. ಬಳಿಕ ಬೀದಿ ತಿರುವಿನ ಬಂಕಿನಲ್ಲಿ ಟ್ಯಾಂಕ್ ತುಂಬ ಪೆಟ್ರೋಲ್. ಆಮೇಲೆ ಮರದ ನೆರಳಿನಲ್ಲಿ ಎರಡು ಗಂಟೆ ವಿಶ್ರಾಂತಿ.

ಒಂದು ಬದಿ ತೊಳೆದಾಗಿತ್ತು. ಒರೆಸುವ ಬಟ್ಟೆ ಹಿಡಿದಿದ್ದ ಚೂಟಿಯ ಕೈ ಥಟ್ಟನೆ ನಿಂತಿತು. ಕಾರು ಕೈಕೊಟ್ಟಾಗಲೆಲ್ಲ ಮಧ್ಯಾಹ್ನದ ಬಿಸಿಲು, ಟ್ರಾಫಿಕ್ ಜಾಮ್, ಪೆಟ್ರೋಲಿನ ಮುಳ್ಳು ಕೆಂಪು ಗೆರೆಯ ಹತ್ತಿರ. ಗ್ಯಾರೇಜಿಗೆ ಹೋದಾಗಲೆಲ್ಲ ತಂಪು ಎಂಜಿನ್, ತುಂಬಿದ ಟ್ಯಾಂಕ್.

"ತಾತ," ಎಂದಳು, ಮಾತು ಒಂದರ ಮೇಲೊಂದು ಬೀಳುವ ಅವಸರದಲ್ಲಿ, "ನಾವು ಇದನ್ನ ಹುಷಾರಾದ ಮೇಲೇ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತಿದ್ದೀವಿ."

ತಾತ ಪೈಪು ಕೆಳಗಿಟ್ಟರು. "ಕೊಳೆ ಗಾಡಿ ತಗೊಂಡು ಹೋದ್ರೆ ಏನಂತಾರೆ? ನಾವು ಸರಿಯಾಗಿ ನೋಡ್ಕೊಳ್ಳಲ್ಲ ಅನ್ನಲ್ವಾ?"

"ಅನ್ನಲಿ ಬಿಡಿ. ಗುಜರಿಯವನು ಬರೋದಕ್ಕಿಂತ ವಾಸಿ."

ಹೀಗೆ ಆ ಮಧ್ಯಾಹ್ನ, ಒಂದು ಬದಿ ಹೊಳೆಯುತ್ತ ಇನ್ನೊಂದು ಬದಿ ಧೂಳು ಹೊತ್ತ ಕಾರು ಮಾರ್ಕೆಟ್ ರಸ್ತೆಯಲ್ಲಿ ಸುತ್ತತೊಡಗಿತು. ಸ್ಟೇರಿಂಗ್ ಹಿಂದೆ ತಾತ, ಪಕ್ಕದಲ್ಲಿ ಮೆಕ್ಯಾನಿಕ್ ಅಕ್ಕ. ಹಿಂದೆ ಅಪ್ಪ ಮತ್ತು ಚೂಟಿ. ಕೀಲಿಯ ಮೊದಲ ತಿರುವಿಗೆ ತನ್ನ ಸೀಟಿನ ಕೆಳಗೆ ಎರಡು ಎಣಿಸುವಷ್ಟು ಹೊತ್ತು ಝುಂ ಎಂಬ ಸದ್ದು ಬರುತ್ತದೆ ಎಂದು ಚೂಟಿ ಹೇಳಿದಾಗ ಅಕ್ಕ ಪೂರ್ತಿ ಹಿಂದಕ್ಕೆ ತಿರುಗಿದಳು. ಅದು ಫ್ಯೂಯಲ್ ಪಂಪ್, ಟ್ಯಾಂಕಿನಿಂದ ಎಂಜಿನ್‌ಗೆ ಪೆಟ್ರೋಲ್ ನೂಕುವ ಮೋಟಾರ್, ಎಂದು ವಿವರಿಸಿ, ಇನ್ನು ಮೇಲೆ ಆ ಸದ್ದನ್ನು ಕಾಯುವುದು ಚೂಟಿಯ ಕೆಲಸ ಎಂದಳು.

ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಕಾರು ನಿಲ್ಲದಿರಲಿ ಎಂದು ಎಷ್ಟೋ ಸಲ ಬೇಡಿಕೊಂಡಿದ್ದ ಚೂಟಿ, ಇಂದು ನಿಲ್ಲಲಿ ದೇವರೇ ಎಂದು ಎರಡೂ ಮುಷ್ಟಿ ಬಿಗಿದು ಬೇಡಿಕೊಂಡಳು.

ನಾಲ್ಕನೆಯ ಸುತ್ತಿನಲ್ಲಿ ಕಾರು ಎರಡು ಸಲ ಮುಗ್ಗರಿಸಿ ನಿಂತುಬಿಟ್ಟಿತು.

ಚೂಟಿ ಚಪ್ಪಾಳೆ ತಟ್ಟಿದಳು. ಗಾಡಿ ಕೆಟ್ಟಿದ್ದಕ್ಕೆ ಸಂಭ್ರಮಪಡುವ ವಂಶ ನಮ್ಮದೊಂದೇ ಇರಬೇಕು ಎಂದು ಅಪ್ಪ ಗೊಣಗಿದರು. ಅಕ್ಕ ಬೆರಳೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ, ತಾತನಿಗೆ ಕೀಲಿ ತಿರುಗಿಸಲು ಸನ್ನೆ ಮಾಡಿದಳು.

ಚೂಟಿ ಸೀಟಿಗೆ ಕಿವಿಯಿಟ್ಟಳು. "ಝುಂ ಇಲ್ಲ."

ಕಾರನ್ನು ಪಕ್ಕಕ್ಕೆ ತಳ್ಳಿದರು. ಅಕ್ಕ ಹಿಂದಿನ ಸೀಟು ಎತ್ತಿ, ಅಡಿಯ ಮುಚ್ಚಳ ತೆಗೆದು, ಪಂಪಿನ ಪ್ಲಗ್ ಕಳಚಿದಳು. ಪ್ಲಗ್ಗಿಗೆ ಪುಟ್ಟ ಟೆಸ್ಟ್ ಲ್ಯಾಂಪಿನ ತುದಿ ತಾಗಿಸಿ, ದೀಪವನ್ನು ಚೂಟಿಯ ಕೈಗೆ ಕೊಟ್ಟಳು. ತಾತ ಕೀಲಿ ತಿರುಗಿಸಿದರು. ಚೂಟಿಯ ಅಂಗೈಯಲ್ಲಿ ದೀಪ ಹತ್ತಿತು.

"ಕರೆಂಟ್ ಬರ್ತಿದೆ. ವೈರಿಂದೇನೂ ತಪ್ಪಿಲ್ಲ," ಎಂದ ಅಕ್ಕನ ದನಿಯೂ ಏರಿತ್ತು. "ಪಂಪೇ ತಿರುಗ್ತಿಲ್ಲ."

ಪ್ಲಗ್ ಮತ್ತೆ ಸಿಕ್ಕಿಸಿ, ಅವಳು ರಬ್ಬರ್ ಸುತ್ತಿಗೆ ಹಿಡಿದು ಕಾರಿನಡಿಗೆ ನುಸುಳಿದಳು. ತಾತ ಕೀಲಿ ತಿರುಗಿಸುತ್ತಿದ್ದಂತೆ ಟ್ಯಾಂಕಿನ ತಳಕ್ಕೆ ಡಬ್ ಡಬ್ ಎಂದು ಎರಡು ಏಟು ಬಿತ್ತು.

ಝುಂ.

ಎಂಜಿನ್ ಹತ್ತಿಕೊಂಡಿತು. ಅಕ್ಕ ಧೂಳು ಕೊಡವುತ್ತ ಎದ್ದು ಹೇಳಿದಳು: ಪಂಪಿನ ಮೋಟಾರ್ ಸವೆದಿದೆ, ಬಿಸಿಯಾದಾಗ ಸಿಕ್ಕಿಹಾಕಿಕೊಳ್ಳುತ್ತದೆ, ಟ್ಯಾಂಕ್ ತುಂಬಿದ್ದರೆ ಪೆಟ್ರೋಲೇ ಅದನ್ನು ತಂಪಾಗಿಡುತ್ತದೆ. ಸೋಮವಾರ ಹೊಸ ಪಂಪ್ ಹಾಕಿದರೆ ಮುಗಿಯಿತು. ಗುಜರಿಯವನಿಗೆ ಬರಬೇಡವೆಂದು ಹೇಳುತ್ತೇನೆ ಎಂದು ಅಪ್ಪ ನಕ್ಕರು.

ಎಲ್ಲರೂ ಮತ್ತೆ ಕುಳಿತ ಮೇಲೆ ಅಕ್ಕ ನೋಟ್‌ಬುಕ್ ತೆಗೆದಳು. "ಬರ್ಕೋಬೇಕು ಯಜಮಾನ್ರೇ. ಇಲ್ಲೀವರೆಗೆ ಒಟ್ಟು ಎಷ್ಟು ಸಲ ನಿಂತಿದೆ?"

ಗ್ಯಾರೇಜಿನಲ್ಲಾಗಲಿ ಮನೆಯಲ್ಲಾಗಲಿ ತಾತ ಯಾವಾಗಲೂ ಒಂದೆರಡು ಸಲ ಎಂದಷ್ಟೇ ಹೇಳುತ್ತಿದ್ದರು. ಪ್ರತಿಯೊಂದು ಸಲವೂ ಹಿಂದೆ ಕುಳಿತಿದ್ದ ಚೂಟಿಗೆ ಲೆಕ್ಕ ಗೊತ್ತಿತ್ತು. ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕನ್ನಡಿಯಲ್ಲಿ ತಾತನ ಕಣ್ಣು ಕಂಡಿತು. ಅವಳು ತುಟಿ ಬಿಗಿದು ಕಿಟಕಿಯಾಚೆ ನೋಡಿದಳು.

ತಾತ ಸ್ಟೇರಿಂಗ್ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದರು.

"ಹನ್ನೊಂದು," ಎಂದರು ತಾತ. "ಗೊತ್ತಾದ್ರೆ, ವಯಸ್ಸಾಯ್ತು, ಇನ್ನು ಮೂಲೆಗೆ ಹಾಕಿ ಅಂತೀರೇನೋ ಅಂತ ಹೇಳಿರ್ಲಿಲ್ಲ."

ತಾತ ಕಾರಿನ ವಿಷಯ ಹೇಳಿದರೆಂದೇ ಅಪ್ಪ ತಿಳಿದಿರಬಹುದು. ಕನ್ನಡಿಯಲ್ಲಿ ಆ ಕಣ್ಣುಗಳನ್ನು ಕಂಡಿದ್ದ ಚೂಟಿಗೆ ಹಾಗನ್ನಿಸಲಿಲ್ಲ. ಅವಳು ಸದ್ದಿಲ್ಲದೆ ಮುಂದಕ್ಕೆ ಸರಿದು, ತಾತನ ಭುಜದ ಮೇಲೆ ಗಲ್ಲವಿಟ್ಟಳು.