ಬಿಸಿಲಿಗೆ ಹರವಿದ ಕವರುಗಳು

ಮಾರ್ಚ್ ಹನ್ನೊಂದರ ಮಧ್ಯಾಹ್ನ ಕಲ್ಯಾಣದುರ್ಗದ ಒಂದು ನರ್ಸರಿ ಶಾಲೆಯಲ್ಲಿ ಹದಿನಾಲ್ಕು ಮಕ್ಕಳಿಗೆ ಕಡಲೆಕಾಯಿ ಚಿಕ್ಕಿ ಕೊಟ್ಟರು. ಹದಿಮೂರು ಮಕ್ಕಳು ವಾಂತಿ ಮಾಡಿಕೊಂಡು ಬದುಕಿದರು. ಸ್ಪಂದನ ಎಂಬ ನಾಲ್ಕು ವರ್ಷದ ಹುಡುಗಿ ದೊಡ್ಡಾಸ್ಪತ್ರೆ ಮುಟ್ಟುವ ಮೊದಲೇ ಸತ್ತಳು.

ಮರುದಿನ ಬೆಳಗ್ಗೆ 9.40ಕ್ಕೆ ಅವಳ ತಂದೆ ಈರಲಿಂಗಪ್ಪ ಠಾಣೆಗೆ ಬಂದ. ಆಟೋ ಓಡಿಸುವವನು. ಕೈಯಲ್ಲಿ ಅರ್ಜಿ ಇರಲಿಲ್ಲ. ಅರ್ಧ ತಿಂದ ಚಿಕ್ಕಿ ಇದ್ದ ಒಂದು ಕವರು ಇತ್ತು. ಮಗುವಿನ ಫ್ರಾಕಿನ ಜೇಬಿನಲ್ಲಿ ಸಿಕ್ಕಿದ್ದು.

"ಯಾರ ಮೇಲೆ ದೂರು?" ಇನ್‌ಸ್ಪೆಕ್ಟರ್ ಸುರೇಂದ್ರ ಕೇಳಿದ.

"ನಂಗೇನು ಗೊತ್ತು ಸಾರ್? ಗೊತ್ತಿದ್ದೋರ ಮೇಲೆ ಬರ್ಕೊಳ್ಳಿ."

"ಏನು ಗೊತ್ತಿದ್ದೋರು?"

"ಇದ್ರಾಗೆ ಏನೋ ಐತೆ ಅಂತ ಗೊತ್ತಿದ್ದೂ ಕೊಟ್ಟೋರು."

10.25ಕ್ಕೆ ಎಫ್‌ಐಆರ್ ಆಯಿತು. ಭಾರತೀಯ ನ್ಯಾಯ ಸಂಹಿತೆ ಕಲಂ 106(1), 275. ಆರೋಪಿಯ ಹೆಸರು ಬರೆಯುವ ಜಾಗದಲ್ಲಿ 'ತಿಳಿದುಬಂದಿಲ್ಲ' ಎಂದು ಬರೆದರು. ಈರಲಿಂಗಪ್ಪ ಅದನ್ನು ಓದಿ, ಸಹಿ ಹಾಕಿ, ಆಟೋ ಸ್ಟಾರ್ಟ್ ಮಾಡದೆ ಬಹಳ ಹೊತ್ತು ಅದರೊಳಗೇ ಕೂತಿದ್ದ.

ಕವರಿನ ಹಿಂದೆ ಚಿಕ್ಕಿ ಮಾಡಿದ ಜಾಗದ ವಿಳಾಸವಿತ್ತು. ಊರಾಚೆ ಒಂದು ತಗಡಿನ ಶೆಡ್ಡು, ಪಕ್ಕದಲ್ಲಿ ಗೋದಾಮಿನ ಹಳೇ ಕಟ್ಟಡ. ಮೂವತ್ತಾರು ಹೆಂಗಸರು ಕೆಲಸ ಮಾಡುವ ಕಡೆ. ಹಿಂದೂಪುರದ ಸೋಮಶೇಖರಪ್ಪನವರು ಮಾಲೀಕರು. ಬೆಲ್ಲ, ಕಡಲೆಕಾಯಿ, ಕವರು ಎಲ್ಲ ಅವರೇ ಕಳಿಸುತ್ತಾರೆ, ಇವರು ಪಾಕ ತೆಗೆದು ಕಟ್ಟಿ ಕೊಡುತ್ತಾರೆ. ಹೆಂಗಸರಿಗೆ ಮುಖ್ಯಸ್ಥೆ ಉಡುಸಲಮ್ಮ, ಐವತ್ತೆರಡು ವರ್ಷ. 12.15ಕ್ಕೆ ಪಂಚನಾಮೆ ಶುರುವಾಯಿತು. ಬೆಲ್ಲದ ಮಾದರಿ, ಕಾಯಿಯ ಮಾದರಿ, ನೀರಿನ ಮಾದರಿ, ಎಲ್ಲ ಸೀಲಾಯಿತು.

ಹೆಡ್ ಕಾನ್‌ಸ್ಟೆಬಲ್ ಲಕ್ಷ್ಮೀದೇವಿ ಒಲೆಯ ಹತ್ತಿರ ಸಾಲಾಗಿ ಕೂತಿದ್ದ ಹೆಂಗಸರನ್ನು ಕೇಳಿದಳು: "ನೀವು ಮಾಡಿದ್ದನ್ನ ನೀವೇನೂ ತಿನ್ನಲ್ವಾ?"

"ತಿನ್ನದೇನು? ಮುರಿದ ಚೂರೆಲ್ಲ ನಮ್ದೇ ಕಣಮ್ಮ," ಎಂದಳು ಮುನೆಮ್ಮ. "ಇಲ್ಲಿಗೆ ಸೇರ್ಕಂಡ್ಮೇಲೆ ಆರು ಕೇಜಿ ಊದೀನಿ ನೋಡು."

ಬೇರೆ ದಿನವಾಗಿದ್ದರೆ ನಗುತ್ತಿದ್ದರು. ಯಾರೂ ನಗಲಿಲ್ಲ.

"ಐದನೇ ತಾರೀಕು ಮಾಡಿದ್ದರಲ್ಲೂ ಚೂರು ತಿಂದ್ರಾ?"

"ಎಲ್ರೂ ತಿಂದ್ವಿ. ಮನೆಗೂ ಸೆರಗಲ್ಲಿ ಕಟ್ಕೊಂಡು ಹೋದ್ವಿ."

ಶಾಲೆಗೆ ಹೋದದ್ದು ಐದನೇ ತಾರೀಕಿನ ಚಿಕ್ಕಿ. ಲಕ್ಷ್ಮೀದೇವಿ ಪುಸ್ತಕದಲ್ಲಿ ಎರಡು ಸಾಲು ಬರೆದು ಸುರೇಂದ್ರನಿಗೆ ತೋರಿಸಿದಳು. ತಟ್ಟೆಯಿಂದ ತಿಂದವರು, ಆರೋಗ್ಯ. ಕವರಿನಿಂದ ತಿಂದವರು, ಅಸ್ವಸ್ಥ.

1.05ಕ್ಕೆ ಅವರು ಗೋದಾಮಿನ ಮಹಡಿ ಹತ್ತಿದರು. ಅಲ್ಲಿ ಗಾರೆಯ ಮೇಲೆ ಖಾಲಿ ಕವರುಗಳನ್ನು ಬಾಯಿ ಬಿಡಿಸಿ ಸಾಲಾಗಿ ಹರವಿದ್ದರು. ಗಾಳಿಗೆ ಹಾರದಂತೆ ಒಂದೊಂದರ ಮೇಲೂ ಒಂದೊಂದು ಕಲ್ಲು. ಒಳಗಿನ ಬೆಳ್ಳಿ ಬಣ್ಣ ಕಣ್ಣು ಕುಕ್ಕುತ್ತಿತ್ತು.

"ಇದೇನಮ್ಮ?" ಸುರೇಂದ್ರ ಕೇಳಿದ.

"ಕವರು ಸಾರ್," ಎಂದಳು ಉಡುಸಲಮ್ಮ.

"ಕವರನ್ನ ಯಾಕೆ ಒಣಗಿಸ್ತೀರಿ?"

"ಈ ಸಲದ್ದು ವಾಸ್ನೆ ಬತ್ತಿತ್ತು. ಪೆಟ್ರೋಲ್ ಬಂಕ್ ತಾವ ಬತ್ತದಲ್ಲ, ಹಂಗೆ. ಎರಡು ಬಿಸ್ಲು ಕೊಟ್ವಿ, ಹೋಯ್ತು. ಮೂಗಿಗಿಟ್ಟು ನೋಡಿ, ಏನೂ ಇಲ್ಲ."

ಸುರೇಂದ್ರ ಮೂಸಿ ನೋಡಿದ. ನಿಜವಾಗಿಯೂ ಏನೂ ಇರಲಿಲ್ಲ. ಮಡಕಶಿರಾ ಕಡೆಯ ಅವನ ಅವ್ವನೂ ಹೀಗೇ. ಹುಳ ಬಿದ್ದ ಬೇಳೆ, ಬೂಷ್ಟು ಹಿಡಿದ ಕಾಯಿ, ಕೂಸು ಒದ್ದೆ ಮಾಡಿದ ಹಾಸಿಗೆ, ಎಲ್ಲಕ್ಕೂ ಒಂದೇ ಮದ್ದು. ಈ ಸೀಮೆಯಲ್ಲಿ ಧಾರಾಳವಾಗಿ ಸಿಗುವುದು ಅದೊಂದೇ. ಪಂಚನಾಮೆಯಲ್ಲಿ 'ಇನ್ನೂರ ಹನ್ನೆರಡು ಖಾಲಿ ಕವರು, ಬಿಸಿಲಿಗೆ ಹರವಿದ್ದು' ಎಂದು ಬರೆಸಿದ.

ಪ್ರಯೋಗಾಲಯದ ವರದಿ ಹದಿನೇಳಕ್ಕೆ ಬಂತು. ಬೆಲ್ಲದಲ್ಲಿ ದೋಷವಿಲ್ಲ, ಕಾಯಿಯಲ್ಲಿ ದೋಷವಿಲ್ಲ. ಆಹಾರ ಸುರಕ್ಷತಾ ಅಧಿಕಾರಿ ಠಾಣೆಗೆ ಬಂದು ಉಳಿದದ್ದನ್ನು ಬಿಡಿಸಿ ಹೇಳಿದರು.

"ಕವರಿಗೆ ಮೂರು ಪದರ. ಪದರ ಅಂಟಿಸೋ ಅಂಟು ಒಣಗಿ ಬಲಿಯೋಕೆ ಕೆಲವು ದಿನ ಬೇಕು. ಇದನ್ನ ಮಾಡಿದ ಹೊರದೇಶದ ಕಾರ್ಖಾನೆಯವರು ಬಲಿಯೋಕೆ ಬಿಟ್ಟಿಲ್ಲ, ಅವಸರಕ್ಕೆ ಕತ್ತರಿಸಿ ಹಡಗು ಹತ್ತಿಸಿದಾರೆ. ಹಸಿ ಅಂಟಿನ ವಿಷ ಕಡಲೆಕಾಯಿ ಎಣ್ಣೆಗೆ ಇಳಿದಿದೆ."

"ಬಿಸಿಲಿಗೆ ಹಾಕಿದ್ದು?"

"ವಾಸನೆ ಮಾತ್ರ ಹೋಯ್ತು. ಅದು ಇದ್ದಿದ್ರೆ ಮಕ್ಕಳು ಬಾಯಿಗೇ ಇಡ್ತಿರಲಿಲ್ಲ."

ಲಕ್ಷ್ಮೀದೇವಿ ಅದನ್ನೂ ಬರೆದುಕೊಂಡಳು. ಸ್ಪಂದನಳ ಮರಣೋತ್ತರ ವರದಿಯಲ್ಲಿ ವಾಂತಿ ಶ್ವಾಸನಾಳಕ್ಕೆ ನುಗ್ಗಿ ಉಸಿರು ಕಟ್ಟಿದೆ ಎಂದಿತ್ತು.

ಹತ್ತೊಂಬತ್ತರಂದು ಜೀಪು ಹಿಂದೂಪುರಕ್ಕೆ ಹೊರಟಿತು. ಸೋಮಂದೇಪಲ್ಲಿ ದಾಟುವಾಗ ಸುರೇಂದ್ರ ಕೇಳಿದ: "ಆ ಹೆಂಗಸರ ಮೇಲೆ ಕೇಸು ಹಾಕಬೇಕಾ ಲಕ್ಷ್ಮೀದೇವಿ?"

"ಹಾಕಿದ್ರೆ ಸುಲಭ ಸಾರ್," ಎಂದಳು.

ಹಣೆತುಂಬ ವಿಭೂತಿ ಧರಿಸಿದ್ದ ಸೋಮಶೇಖರಪ್ಪ ಕಾಫಿ ತರಿಸಿದರು. "ನಮ್ಮದೆಲ್ಲ ಪೇಪರ್ ಮೇಲೆ ಐತೆ ಸಾರ್. ಕವರೆಲ್ಲ ಹೊರದೇಶದ ಮಾಲು. ಕಾರ್ಖಾನೆ ಲೈಸೆನ್ಸು, ತಪಾಸಣೆ ವರದಿ, ಲ್ಯಾಬ್ ಸರ್ಟಿಫಿಕೇಟು, ಒಂದೂ ಬಿಟ್ಟಿಲ್ಲ. ಮುರಳೀ, ಆ ಫೈಲ್ ತಾರಪ್ಪ."

ಮುರಳಿಕೃಷ್ಣ ಫೈಲು ತಂದಿಟ್ಟ. ಖರೀದಿ ಮ್ಯಾನೇಜರು, ಮೂವತ್ತೆಂಟರ ಸಣಕಲು ಮನುಷ್ಯ. ಕವರು ಮಾಡುವ ಕಾರ್ಖಾನೆಯನ್ನು ಪರಿಶೀಲಿಸಿ, ಬರುವ ಪ್ರತಿ ಕಂತಿಗೂ ಪರೀಕ್ಷಾ ವರದಿ ತರಿಸಿಕೊಂಡು, ಸರಿಯಿದ್ದರೆ ಬಿಡುವುದು ಅವನ ಕೆಲಸ. ಫೈಲು ಅಚ್ಚುಕಟ್ಟಾಗಿತ್ತು. ಲಕ್ಷ್ಮೀದೇವಿ ಹೋದ ವರ್ಷದ ಪರೀಕ್ಷಾ ವರದಿಯನ್ನೂ ಈ ವರ್ಷದ್ದನ್ನೂ ಪಕ್ಕಪಕ್ಕ ಇಟ್ಟಳು. ತಾರೀಕು ಬೇರೆ, ಕಂತಿನ ಸಂಖ್ಯೆ ಬೇರೆ. ವರದಿಯ ಸಂಖ್ಯೆ ಮಾತ್ರ ಒಂದೇ. ಅವಳು ವರಾಂಡಕ್ಕೆ ಹೋಗಿ ಆ ಪ್ರಯೋಗಾಲಯಕ್ಕೆ ಫೋನ್ ಮಾಡಿದಳು. ಹನ್ನೆರಡು ನಿಮಿಷಕ್ಕೆ ವಾಪಸು ಬಂದಳು.

"ಅವರು ಕೊಟ್ಟಿರೋದು ಒಂದೇ ಸಾರ್. ಹೋದ ವರ್ಷದ್ದು."

ಅಷ್ಟರಲ್ಲಿ ಸುರೇಂದ್ರ ಹಡಗಿನ ಕಾಗದ ತಿರುವುತ್ತಿದ್ದ. ಕವರು ತಯಾರಾದ ಊರಿನ ಹೆಸರು ಲೈಸೆನ್ಸಿನಲ್ಲಿದ್ದ ಊರಲ್ಲ.

"ಪರೀಕ್ಷೆ ಆಗಿದ್ದು ಒಂದು ಕಾರ್ಖಾನೆದು. ಬಂದಿದ್ದು ಇನ್ನೊಂದರದ್ದು. ಯಾರು ನೋಡಿದ್ರು ಆ ಇನ್ನೊಂದು ಕಾರ್ಖಾನೇನ?"

ಕಾಫಿಯ ಮೇಲೆ ಕೆನೆ ಕಟ್ಟಿತು.

"ಯಾರೂ ನೋಡಿಲ್ಲ ಸಾರ್," ಎಂದ ಮುರಳಿಕೃಷ್ಣ. "ಹೋದ ವರ್ಷದ ವರದೀಲಿ ತಾರೀಕು, ಕಂತಿನ ಸಂಖ್ಯೆ ತಿದ್ದಿದ್ದು ನಾನೇ."

"ಅಯ್ಯೋ ನಿನ್ನ!" ಸೋಮಶೇಖರಪ್ಪ ಎದ್ದು ನಿಂತರು. "ಎಂಟು ವರ್ಷ ಅನ್ನ ಹಾಕೀನಲ್ಲೋ! ಸಾರ್, ನಂಗೆ ಇದ್ಯಾವುದೂ ಗೊತ್ತಿಲ್ಲ."

ಮುರಳಿಕೃಷ್ಣ ಅವರ ಕಡೆ ನೋಡಲೇ ಇಲ್ಲ. ಸಂಜೆ 4.10ಕ್ಕೆ ಅವನನ್ನು ಬಂಧಿಸಲಾಯಿತು. ಹೆಂಡತಿ ತನುಜಾಗೆ ಫೋನಿನಲ್ಲಿ ತಿಳಿಸಿದರು. ನಕಲಿ ದಾಖಲೆಯ ಕಲಂಗಳಾದ 336, 340 ಎಫ್‌ಐಆರ್‌ಗೆ ಸೇರಿದವು. ಹೊರದೇಶದ ಕಾರ್ಖಾನೆಗೆ ಇಮೇಲ್ ಹೋಯಿತು. ಉತ್ತರ ಎರಡೇ ದಿನಕ್ಕೆ ಬಂತು: ನಿಮ್ಮ ತಕರಾರನ್ನು ದಾಖಲಿಸಿಕೊಂಡಿದ್ದೇವೆ, ನಮ್ಮ ಸೇವೆ ಹೇಗಿತ್ತು ತಿಳಿಸಿ.

ಠಾಣೆಯಲ್ಲಿ ಸುರೇಂದ್ರ ಕೇಳಿದ: "ಯಾಕೆ ಮಾಡಿದೆ? ನಿನಗೇನು ಸಿಕ್ತು?"

"ಏನೂ ಸಿಗಲಿಲ್ಲ ಸಾರ್."

"ಮತ್ತೆ?"

"ಹೋದ ವರ್ಷ ಒಂದು ಕಂತು ವಾಪಸ್ ಕಳಿಸಿದ್ದೆ. ಬಣ್ಣ ಕೈಗೆ ಅಂಟ್ತಿತ್ತು. ಬೇರೆ ಮಾಲು ಬರೋಕೆ ಐವತ್ತೊಂದು ದಿನ. ಅಷ್ಟು ದಿನ ಶೆಡ್ಡಿಗೆ ಬೀಗ. ನಲವತ್ತನೇ ದಿನ ಉಡುಸಲಮ್ಮ ಎಲ್ಲಾರ್ನೂ ಬಸ್ಸಿಗೆ ಹತ್ತಿಸ್ಕೊಂಡು ಹಿಂದೂಪುರಕ್ಕೆ ಬಂದ್ಬುಟ್ಟಳು. ಬೈಯಲಿಲ್ಲ, ಗೇಟಿನ ಮುಂದೆ ಸುಮ್ನೆ ಕೂತ್ರು. ಸಾಯಂಕಾಲ ಬಸ್ಸಿಗೆ ಹೊತ್ತಾಯ್ತು ಅಂತ ಎದ್ದಾಗ, 'ನಿಂದು ಪೇಪರು, ನಮ್ದು ಒಲೆ ಕಣಪ್ಪ' ಅಂದಳು, ಅಷ್ಟೇ."

ಅವನು ನೀರು ಕೇಳಿದ. ಕುಡಿದ.

"ಈ ಸಲ ಅಲ್ಲಿಂದ ಮೇಲ್ ಬಂತು. ನಮ್ಮಲ್ಲಿ ಕೆಲಸ ಜಾಸ್ತಿ, ಬೇರೆ ಕಡೆ ಮಾಡಿಸಿ ಕಳಿಸಿದೀವಿ ಅಂತ. ಹೊಸದಾಗಿ ಪರೀಕ್ಷೆ ಅಂದ್ರೆ ಆರು ವಾರ. ಎರಡು ದಿನ ಆ ಮೇಲ್ ನೋಡ್ಕೊಂಡು ಕೂತಿದ್ದೆ ಸಾರ್. ನಂಗೆ ಗೇಟಿನ ಮುಂದೆ ಕೂತಿದ್ದ ಹೆಂಗಸ್ರು ಕಂಡ್ರು. ಮಗು ಕಾಣಲಿಲ್ಲ."

"ವಾಸನೆ ಬತ್ತದೆ ಅಂತ ಉಡುಸಲಮ್ಮ ನಿನಗೆ ಹೇಳಲಿಲ್ವಾ?"

"ಫೋನ್ ಮಾಡಿದಳು ಸಾರ್. ಆಗ ಹೆದರಿಬಿಟ್ಟೆ. ತಿದ್ದಿದ್ದನ್ನ ಯಜಮಾನ್ರಿಗೆ ಹೇಳ್ಬಿಟ್ಟೆ, ನಿಲ್ಲಿಸಣ ಅಂದೆ. 'ನೀನು ಸುಮ್ಕಿರು, ನಾನು ಮಾತಾಡ್ತೀನಿ' ಅಂದ್ರು."

ಫೋನ್ ಕಂಪನಿಯ ವಿವರ ಬಂತು. ಮಾರ್ಚ್ 3, ಬೆಳಗ್ಗೆ 10.22, ಉಡುಸಲಮ್ಮನಿಂದ ಮುರಳಿಕೃಷ್ಣನಿಗೆ. 10.31, ಮುರಳಿಕೃಷ್ಣನಿಂದ ಸೋಮಶೇಖರಪ್ಪನಿಗೆ. 10.38, ಸೋಮಶೇಖರಪ್ಪನಿಂದ ಉಡುಸಲಮ್ಮನಿಗೆ, ಮೂರು ನಿಮಿಷ. ಆ ಮೂರು ನಿಮಿಷದಲ್ಲಿ ಏನು ಮಾತಾಯಿತು ಎಂದು ಇಬ್ಬರಿಗೆ ಮಾತ್ರ ಗೊತ್ತು.

ಇಪ್ಪತ್ತೊಂದರಂದು ಉಡುಸಲಮ್ಮ ಅದನ್ನು ಹೇಳಿದಳು. "ಹಿಂದೂಪುರದ ಯಜಮಾನ, ಆಯಪ್ಪನೇ ಫೋನ್ ಮಾಡ್ದ ಸಾರ್. 'ಎರಡು ಬಿಸ್ಲು ಕೊಡಮ್ಮ, ಹೋಯ್ತದೆ. ನಿಲ್ಸಿದ್ರೆ ಈ ಸಲ ಮೂರು ತಿಂಗ್ಳು ಬೀಗ ನೋಡು' ಅಂದ. ನಾನು ಹೂಂ ಅಂದೆ." ಸುರೇಂದ್ರ ಅವಳ ಮಾತನ್ನು ಕೇಸ್ ಡೈರಿಯಲ್ಲಿ ಹಾಗೇ ಬರೆದುಕೊಂಡ. ಮಾರನೇ ದಿನ ಮ್ಯಾಜಿಸ್ಟ್ರೇಟರ ಮುಂದೆ ಇದನ್ನೇ ಹೇಳಬೇಕೆಂದು ನೋಟಿಸು ಕೊಟ್ಟ.

ಅಂದು ಮೂರು ಗಂಟೆಗೆ ಮೇಲಿನವರ ಫೋನ್ ಬಂತು. "ಮ್ಯಾನೇಜರು ಒಪ್ಪುಕುನ್ನಾಡು ಕದಾ ಸುರೇಂದ್ರಾ, ಇಂಕೇಂಟಿ? ಪೆದ್ದಾಯನ್ನಿ ವದಿಲೇಯ್." ಒಪ್ಪಿಕೊಂಡವನು ಸಿಕ್ಕಿದ್ದಾನೆ, ದೊಡ್ಡವರನ್ನು ಬಿಟ್ಟುಬಿಡು. ಸುರೇಂದ್ರ ಎರಡು ಸಲ 'ಸಾರ್' ಎಂದ. ಮೂರನೇ ಸಲ ಏನಾದರೂ ಹೇಳಬೇಕೆಂದುಕೊಂಡ. ಅಷ್ಟರಲ್ಲಿ ಆ ಕಡೆ ಫೋನು ಇಟ್ಟಿದ್ದರು.

ನಾಲ್ಕಕ್ಕೆ ಉಡುಸಲಮ್ಮನನ್ನು ಮತ್ತೆ ಕರೆಸಿದ. ಲಕ್ಷ್ಮೀದೇವಿಗೆ ಹೊರಗೆ ಹೋಗೆಂದು ಕಣ್ಣಲ್ಲಿ ಹೇಳಿದ. ಅವಳು ಅರ್ಥವಾಗದವಳಂತೆ ಅಲ್ಲೇ ನಿಂತಳು.

"ಕೂತ್ಕೊಮ್ಮ. ನಾಳೆ ಕೋರ್ಟಲ್ಲಿ ಇಷ್ಟು ಹೇಳು ಸಾಕು. ಬಿಸಿಲಿಗೆ ಹಾಕು ಅಂದಿದ್ದು ಮುರಳಿಕೃಷ್ಣ. ಬೇರೆ ಯಾರೂ ನಿನ್ನ ಜೊತೆ ಮಾತಾಡಲಿಲ್ಲ."

ಉಡುಸಲಮ್ಮ ಕೂರಲಿಲ್ಲ. "ಮಾತಾಡಿದ್ನಲ್ಲ ಸಾರ್, ಆಯಪ್ಪ?"

"ಹಿಂಗೆ ಹೇಳಿದ್ರೆ ನೀನು ಸಾಕ್ಷಿ. ಇಲ್ಲಾಂದ್ರೆ ಎರಡನೇ ಆರೋಪಿ ಆಗ್ತೀಯ. ಕವರು ಒಣಗಿಸಿದ್ದು ನೀನೇ ತಾನೆ? ಶೆಡ್ಡಿನ ಬೀಗಾನೂ ಸೋಮವಾರ ತೆಗೀತಾರಂತೆ."

"ತೆಗೀತಾರೆ ಅಂತ ನಿಮಗ್ಯಾರು ಹೇಳಿದ್ರು?"

ಸುರೇಂದ್ರ ಮೇಜಿನ ಮೇಲಿನ ಕಾಗದ ಸರಿಪಡಿಸಿದ. ಅವನ ಕಿವಿ ಕೆಂಪಾಗಿತ್ತು.

"ಮೂವತ್ತಾರು ಜನದ ಒಲೆ ಇದು. ಯೋಚ್ನೆ ಮಾಡಮ್ಮ."

"ಮಾಡೀನಿ ಸಾರ್. ಆ ಮಗೀನ ಮನೆಗೆ ಹೋಗಿದ್ದೆ, ನಮ್ಮ ಶೆಡ್ಡಿನ ಓಬಕ್ಕನ ಜತೆ. ಅವ್ರವ್ವ ನಂಗೆ ಕೂರಕ್ಕೆ ಚಾಪೆ ಹಾಕಿದಳು. ನಾನ್ಯಾರು ಅಂತ ಅವಳಿಗೆ ಗೊತ್ತಿರ್ಲಿಲ್ಲ. ನಾನೂ ಹೇಳಕ್ಕಾಗ್ಲಿಲ್ಲ, ಎದ್ದು ಬಂದ್ಬುಟ್ಟೆ." ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಒಣಗ್ಸಿದ್ದು ನಾನು, ಅದನ್ನ ಹೇಳ್ತೀನಿ. ಆಯಪ್ಪ ಫೋನ್ ಮಾಡಿದ್ದು, ಅದನ್ನೂ ಹೇಳ್ತೀನಿ."

"ಜೈಲಿಗೆ ಹೋಗ್ತೀಯಮ್ಮ."

"ಹೋಯ್ತೀನಿ. ನೀನು ಹೇಳ್ಕೊಟ್ಟಿದ್ದು ಮಾತ್ರ ನಾನು ಹೇಳಕ್ಕಿಲ್ಲ ಕಣಪ್ಪ."